ಕಿಟಕಿಯಾಚೆ ನೋಡಿ: ಸೆಸ್ನಾ ಹಾರಿಸಲು ಕಲಿಯುವವರಿಗೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ರೀಡ್-ಹಿಲ್‌ವ್ಯೂ ಎಂಬ ಸಣ್ಣ ವಿಮಾನ ನಿಲ್ದಾಣವಿದೆ. ಅಲ್ಲಿ ನಾನು ನಾಲ್ಕು ಸೀಟಿನ ಸೆಸ್ನಾ 172 ಹಾರಿಸುವುದನ್ನು ಕಲಿಸುತ್ತೇನೆ. ಕಲಿಯಲು ಬರುವವರಲ್ಲಿ ಕನ್ನಡದವರೂ ಇದ್ದಾರೆ, ಹೆಚ್ಚಿನವರು ಸಾಫ್ಟ್‌ವೇರ್ ಕೆಲಸದವರು. ಚುರುಕು ಜನ, ಮೊದಲ ಪಾಠಕ್ಕೆ ಬರುವಷ್ಟರಲ್ಲಿ ಅರ್ಧ ಪುಸ್ತಕ ಓದಿ ಮುಗಿಸಿರುತ್ತಾರೆ. ಆದರೆ ಚಕ್ರ ನೆಲ ಬಿಟ್ಟದ್ದೇ ತಡ, ಕಣ್ಣು ವೇಗ, ಎತ್ತರ ತೋರಿಸುವ ಮುಂದಿನ ಪರದೆಗೆ ಅಂಟಿಕೊಳ್ಳುತ್ತದೆ. ಪಕ್ಕದಲ್ಲಿ ಹ್ಯಾಮಿಲ್ಟನ್ ಬೆಟ್ಟ ಎದ್ದು ನಿಂತಿದ್ದರೂ ಇವರು ಅಂಕಿ ಓದುತ್ತಾ ಕುಳಿತಿರುತ್ತಾರೆ. ನಾನು ಪಾಠದಲ್ಲಿ ಅತಿ ಹೆಚ್ಚು ಸಲ ಹೇಳುವ ಮಾತು ‘ಹೊರಗೆ ನೋಡಿ’ ಎಂಬುದೇ.

ಮೊದಲು ಕಾಗದಪತ್ರದ ವಿಷಯ ಮುಗಿಸೋಣ. ಹಣ ಕಟ್ಟುವ ಮುಂಚೆ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ಖಾಸಗಿ ಪೈಲಟ್‌ಗೆ ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಕೇಳುವುದು ಮೂರನೇ ದರ್ಜೆಯ ಪ್ರಮಾಣಪತ್ರ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೆ ಕಡತ ತಿಂಗಳುಗಟ್ಟಲೆ ಓಡಾಡಬಹುದು. ಅಂಥವರು ಅರ್ಜಿ ತುಂಬುವುದಕ್ಕೂ ಮೊದಲು ವಿಮಾನಯಾನ ವೈದ್ಯರ ಜೊತೆ ಮಾತನಾಡಬೇಕು. ಅಮೆರಿಕದ ಪೌರರಲ್ಲದವರಿಗೆ, ಅಂದರೆ ಎಚ್-1ಬಿಯವರಿಗೂ ಗ್ರೀನ್ ಕಾರ್ಡಿನವರಿಗೂ, ತರಬೇತಿಗೆ ಮುನ್ನ ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆಯಾದ ಟಿಎಸ್‌ಎ ಒಪ್ಪಿಗೆ ಬೇಕು. ಕಾನೂನು ಕೇಳುವ ಹಾರಾಟ ಕನಿಷ್ಠ 40 ಗಂಟೆ. ಅಷ್ಟರಲ್ಲಿ ಮುಗಿಸುವವರು ಅಪರೂಪ, ಆದ್ದರಿಂದ 60–70 ಗಂಟೆಗೆ ದುಡ್ಡು ಹೊಂದಿಸಿಕೊಂಡೇ ಶುರು ಮಾಡಿ. ನಡುವೆ ಎರಡು ತಿಂಗಳು ಬಿಟ್ಟರೆ ಕಲಿತದ್ದರಲ್ಲಿ ಅರ್ಧ ಮತ್ತೆ ಕಲಿಯಬೇಕಾಗುತ್ತದೆ. ಊರಿನಲ್ಲೇ ಕಲಿಯುವವರಿಗೆ ಭಾರತದ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎ ನಿಯಮಗಳೂ ಬಹಳ ಬೇರೆಯಲ್ಲ: 16 ತುಂಬಿದವರಿಗೆ ವಿದ್ಯಾರ್ಥಿ ಲೈಸೆನ್ಸ್, 17ಕ್ಕೆ ಖಾಸಗಿ ಪೈಲಟ್ ಲೈಸೆನ್ಸ್, ಕನಿಷ್ಠ 40 ಗಂಟೆ. ಅಲ್ಲಿ ರೇಡಿಯೊದಲ್ಲಿ ಮಾತನಾಡಲು ಪ್ರತ್ಯೇಕ ಲೈಸೆನ್ಸ್ ಬೇಕು.

ಇನ್ನು ವಿಮಾನದ ಹತ್ತಿರ ಬನ್ನಿ. ಹಾರುವ ಮೊದಲು ಸುತ್ತು ಹಾಕಿ ನೋಡುವುದನ್ನು ಹೊಸಬರು ಶಾಸ್ತ್ರಕ್ಕೆಂಬಂತೆ ಮಾಡುತ್ತಾರೆ. ನಾನು ಇಲ್ಲಿ ಆತುರಪಡಿಸುವುದಿಲ್ಲ. 172ಎಸ್ ಮಾದರಿಯಲ್ಲಿ ಇಂಧನ ಇಳಿಸಿ ನೋಡುವ ಜಾಗಗಳು 13: ಒಂದೊಂದು ರೆಕ್ಕೆಯಡಿ ಐದು, ಹೊಟ್ಟೆಯಡಿ ಮೂರು. ಪ್ರತಿಯೊಂದರಿಂದಲೂ ಪಾರದರ್ಶಕ ಲೋಟಕ್ಕೆ ಸ್ವಲ್ಪ ಇಳಿಸಿ, ಆಕಾಶಕ್ಕೆ ಹಿಡಿದು ನೋಡಬೇಕು. ನೀರಿದ್ದರೆ ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಗುಂಡಗೆ ಕೂರುತ್ತದೆ. ಸಣ್ಣ ವಿಮಾನಗಳು ಬಹುಕಾಲದಿಂದ ಬಳಸುವ ಸೀಸ ಬೆರೆತ 100ಎಲ್‌ಎಲ್ ಇಂಧನದ ಬಣ್ಣ ತಿಳಿನೀಲಿ, ನೀರು ಬೆರೆತರೆ ಎರಡು ಪದರ ಎದ್ದು ಕಾಣುತ್ತದೆ. ಸುತ್ತಲ ಮನೆಗಳ ಮಕ್ಕಳ ರಕ್ತದಲ್ಲಿನ ಸೀಸದ ಕುರಿತ ಅಧ್ಯಯನದ ನಂತರ ಸಾಂಟಾ ಕ್ಲಾರಾ ಕೌಂಟಿ 2022ರ ಜನವರಿ 1ರಿಂದ ನಮ್ಮ ನಿಲ್ದಾಣದಲ್ಲಿ ಅದರ ಮಾರಾಟ ನಿಲ್ಲಿಸಿತು. ಸೀಸವಿಲ್ಲದ ಯುಎಲ್94 ಇಂಧನಕ್ಕೆ ಬಣ್ಣವೇ ಇಲ್ಲ. ಲೋಟದ ತುಂಬ ಬರೀ ನೀರೇ ಬಂದಿದ್ದರೂ ‘ಸ್ವಚ್ಛವಾಗಿದೆ’ ಎಂದು ಮುಂದೆ ಹೋಗಿಬಿಡಬಹುದು. ಮೂಸಿ ನೋಡಿ. ಬೆರಳಿಗೆ ಒಂದು ಹನಿ ಹಚ್ಚಿ: ಪೆಟ್ರೋಲು ತಣ್ಣಗೆ ಕಚ್ಚಿ ಆರಿಹೋಗುತ್ತದೆ, ನೀರು ಉಳಿಯುತ್ತದೆ. ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದಕ್ಕೆ ಮುಳ್ಳನ್ನು ನಂಬಬೇಡಿ, ರೆಕ್ಕೆ ಹತ್ತಿ ಅಳತೆ ಕಡ್ಡಿ ಇಳಿಸಿ.

ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ತೂತಿದೆ. ರೆಕ್ಕೆ ಇನ್ನೇನು ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ ಎನ್ನುವಾಗ ಅದರ ಮೂಲಕ ಗಾಳಿ ಹೀರಲ್ಪಟ್ಟು ಪೀಪಿಯಂಥ ದನಿ ಬರುತ್ತದೆ. ವಿದ್ಯುತ್ತೂ ಬೇಡ, ಏನೂ ಬೇಡ. ಶುಭ್ರ ಕರವಸ್ತ್ರ ಇಟ್ಟು ಬಾಯಿಂದ ಎಳೆದು ಅದನ್ನು ಪರೀಕ್ಷಿಸುವ ಕ್ರಮ ವಿಮಾನದ ಕೈಪಿಡಿಯಲ್ಲೇ ಇದೆ. ಬೇಲಿಯಾಚೆ ನಿಂತವರು ನಗುತ್ತಾರೆ, ನಗಲಿ.

ನೆಲದ ಮೇಲೆ ವಿಮಾನ ತಿರುಗುವುದು ಕಾಲಿನಿಂದ. ಕಾರು ಓಡಿಸಿ ಅಭ್ಯಾಸವಾದ ಕೈ ತಾನಾಗಿಯೇ ಸ್ಟಿಯರಿಂಗಿನಂಥ ಯೋಕ್ ತಿರುಗಿಸುತ್ತದೆ, ವಿಮಾನ ಮಾತ್ರ ನೇರ ಹುಲ್ಲಿನ ಕಡೆ ಹೊರಡುತ್ತದೆ. ಮೊದಲ ಪಾಠದಲ್ಲಿ ನಾನು ವಿದ್ಯಾರ್ಥಿಯ ಎರಡೂ ಕೈಯನ್ನು ತೊಡೆಯ ಮೇಲೆ ಇಡಿಸುತ್ತೇನೆ. ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ನನ್ನ ಕೈಯಲ್ಲಿರುತ್ತದೆ, ಪೆಡಲ್ ಅವರ ಕಾಲಿನಲ್ಲಿ.

ರನ್‌ವೇ ಮೇಲೆ ಬಂದು ಹೊರಡುವ ಮುನ್ನ ಅದರ ಸಂಖ್ಯೆಯನ್ನು ದಿಕ್ಸೂಚಿಯೊಂದಿಗೆ ತಾಳೆ ನೋಡಿ. 31 ಎಂದರೆ ಮೂತಿ ಸುಮಾರು 310 ಡಿಗ್ರಿಗೆ ಇರಬೇಕು. ನಮ್ಮಲ್ಲಿ ಎರಡು ರನ್‌ವೇಗಳು ಅಕ್ಕಪಕ್ಕದಲ್ಲೇ ಇವೆ, ಎಡದ್ದು ಯಾವುದು ಬಲದ್ದು ಯಾವುದು ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಥ್ರಾಟಲ್ ಪೂರ್ತಿ ಒತ್ತಿದೊಡನೆ ಮೂತಿ ಎಡಕ್ಕೆ ಎಳೆಯುತ್ತದೆ, ಏಕೆಂದರೆ ಪ್ರೊಪೆಲರ್ ತಳ್ಳಿದ ಗಾಳಿ ಸುರುಳಿಯಾಗಿ ಬಂದು ಬಾಲದ ಎಡಬದಿಗೆ ಬಡಿಯುತ್ತದೆ. ಬಲಗಾಲು ಒತ್ತಿ, ಬೇಕೆನಿಸಿದ್ದಕ್ಕಿಂತ ತುಸು ಜಾಸ್ತಿಯೇ ಒತ್ತಿ. 55 ನಾಟ್‌ಗೆ (ಗಂಟೆಗೆ ಸುಮಾರು 100 ಕಿ.ಮೀ.) ಮೆಲ್ಲಗೆ ಯೋಕ್ ಹಿಂದಕ್ಕೆ, 74ರಲ್ಲಿ ಏರಿಕೆ. ಈ ಹೊತ್ತಿನಲ್ಲಿ ಎಂಜಿನ್ ನಿಂತರೆ ಮೂತಿ ಕೆಳಗಿಳಿಸಿ ಎದುರಿಗೆ ಸಿಕ್ಕಿದ ಜಾಗ ಹುಡುಕಬೇಕೇ ಹೊರತು ರನ್‌ವೇ ಕಡೆ ಹಿಂತಿರುಗುವ ಯೋಚನೆ ಮಾಡಬಾರದು. ಎತ್ತರ ಕಡಿಮೆಯಿದ್ದಾಗ ಆ ತಿರುವಿನಲ್ಲೇ ಜನ ಸತ್ತಿದ್ದಾರೆ. ಪ್ರತಿ ಸಲ ಹೊರಡುವ ಮುಂಚೆ ಇದನ್ನು ಗಟ್ಟಿಯಾಗಿ ಹೇಳಿಸುತ್ತೇನೆ.

ಅಭ್ಯಾಸಕ್ಕೆ ನಾವು ದಕ್ಷಿಣದ ಕಡೆ, ಆಂಡರ್ಸನ್ ಜಲಾಶಯದ ಆಸುಪಾಸಿಗೆ ಹೋಗುತ್ತೇವೆ. ಅಲ್ಲಿ ನನ್ನ ಮೊದಲ ಕೆಲಸ ಪರದೆಯ ಮೇಲೆ ರಟ್ಟು ಮುಚ್ಚುವುದು. ಎದುರಿನ ಗಾಜಿನಲ್ಲಿ ದಿಗಂತ ಎಲ್ಲಿ ಕಾಣುತ್ತಿದೆ, ಎಂಜಿನ್ ಮುಚ್ಚಳದಿಂದ ಎಷ್ಟು ಬೆರಳು ಮೇಲೆ? ಆ ಚಿತ್ರ ನೆನಪಿಟ್ಟುಕೊಂಡರೆ ವೇಗ, ಎತ್ತರ ಎರಡೂ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತವೆ. ರಟ್ಟು ತೆಗೆದು ತೋರಿಸಿದಾಗ ಅವರಿಗೇ ಆಶ್ಚರ್ಯ. ಕೈ ಬಿಗಿಹಿಡಿಯುವವರಿಗೆ ಒಂದು ಹಳೆಯ ಉಪಾಯವಿದೆ: ಪೆನ್ಸಿಲನ್ನು ನಡುಬೆರಳಿನ ಕೆಳಗೆ, ಅಕ್ಕಪಕ್ಕದ ಬೆರಳುಗಳ ಮೇಲೆ ಬರುವಂತೆ ತೂರಿಸಿ ಯೋಕ್ ಹಿಡಿಯಿರಿ. ಗಟ್ಟಿಯಾಗಿ ಹಿಡಿದರೆ ಬೆರಳು ನೋಯುತ್ತದೆ. ಭಾರ ಹೊರುವುದು ಯೋಕ್ ಮೇಲಿನ ಒತ್ತಡ ತಗ್ಗಿಸುವ ಟ್ರಿಮ್ ಚಕ್ರದ ಕೆಲಸ, ನಿಮ್ಮ ತೋಳಿನದಲ್ಲ. ಕೈ ಬಿಟ್ಟರೂ ವಿಮಾನ ಅದೇ ಭಂಗಿಯಲ್ಲಿ ಹೋಗುತ್ತಿದ್ದರೆ ಟ್ರಿಮ್ ಸರಿಯಾಗಿದೆ ಎಂದು ಅರ್ಥ.

ಸ್ಟಾಲ್ ಎಂದರೆ ಎಂಜಿನ್ ನಿಲ್ಲುವುದಲ್ಲ. ರೆಕ್ಕೆ ಗಾಳಿಯನ್ನು ಎದುರಿಸುವ ಕೋನ ಮಿತಿಮೀರಿದಾಗ ಎತ್ತುವ ಶಕ್ತಿ ಕುಸಿಯುತ್ತದೆ, ಅಷ್ಟೇ. ಪೀಪಿ ಕೂಗುತ್ತದೆ, ಮೈ ನಡುಗುತ್ತದೆ, ಮೂತಿ ಬೀಳುತ್ತದೆ. ಹೆದರಿ ಯೋಕ್ ಎಳೆದಷ್ಟೂ ಕೆಡುತ್ತದೆ. ಮುಂದಕ್ಕೆ ತಳ್ಳಿ, ರೆಕ್ಕೆ ಮತ್ತೆ ಹಿಡಿತ ಪಡೆಯುತ್ತದೆ, ಆಮೇಲೆ ಥ್ರಾಟಲ್.

ರೇಡಿಯೊಗೆ ಹೆದರುವವರು ಬಹಳ. ಯಾರಿಗೆ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು: ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಓದಿ. ನಮ್ಮವರು ಇಂಗ್ಲಿಷನ್ನು ಓಡಿಸುತ್ತಾರೆ, ನಿಧಾನವಾಗಿ ಹೇಳಿ. ‘ಸ್ಟೂಡೆಂಟ್ ಪೈಲಟ್’ ಎಂದು ಸೇರಿಸಿದರೆ ನಿಯಂತ್ರಣ ಗೋಪುರದವರು ತಾಳ್ಮೆಯಿಂದ ಮಾತನಾಡುತ್ತಾರೆ. ಆಗದ್ದನ್ನು ಆಗುವುದಿಲ್ಲ ಎನ್ನಲು ‘ಅನೇಬಲ್’ ಎಂಬ ಒಂದೇ ಪದ ಸಾಕು, ಅದಕ್ಕೆ ಯಾರೂ ಬೇಸರಿಸುವುದಿಲ್ಲ. ದೊಡ್ಡವರಿಗೆ ಎದುರಾಡಬಾರದು ಎಂದು ಬೆಳೆದ ನಮಗೆ ಆ ಪದ ಬಾಯಿಗೆ ಬರಲು ಸಮಯ ಹಿಡಿಯುತ್ತದೆ.

ಇಳಿಯುವುದು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ವಿದ್ಯೆ. ನೆಲದಿಂದ ಸುಮಾರು 1000 ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ ಬರುತ್ತೀರಿ. ಇಳಿಯುವ ಜಾಗ ಪಕ್ಕಕ್ಕೆ ಬಂದಾಗ ಎಂಜಿನ್ ವೇಗ 1500 ಆರ್‌ಪಿಎಂ ಆಸುಪಾಸಿಗೆ ತಗ್ಗಿಸಿ, ರೆಕ್ಕೆಯ ಹಿಂದಿನ ಅಂಚಿನ ಮಡಚು ಪಟ್ಟಿಗಳಾದ ಫ್ಲಾಪ್‌ಗಳನ್ನು ಹಂತಹಂತವಾಗಿ ಇಳಿಸುತ್ತಾ ಎರಡು ತಿರುವು ತೆಗೆದುಕೊಂಡು ರನ್‌ವೇಗೆ ಎದುರಾಗಿ. ಈಗ ವೇಗ 65 ನಾಟ್. ಗಾಜಿನಲ್ಲಿ ಒಂದು ಗುರುತು ಹಿಡಿಯಿರಿ, ರನ್‌ವೇ ಸಂಖ್ಯೆಯೇ ಆಗಲಿ. ಅದು ಗಾಜಿನಲ್ಲಿ ಮೇಲಕ್ಕೆ ಸರಿಯುತ್ತಿದ್ದರೆ ನೀವು ಅದಕ್ಕಿಂತ ಮುಂಚೆಯೇ ನೆಲ ಮುಟ್ಟುತ್ತೀರಿ, ಥ್ರಾಟಲ್ ಬೇಕು. ಕೆಳಕ್ಕೆ ಜಾರುತ್ತಿದ್ದರೆ ದಾಟಿ ಹೋಗುತ್ತೀರಿ. ಕದಲದೆ ನಿಂತು ದೊಡ್ಡದಾಗುತ್ತಾ ಬಂದರೆ ಅಲ್ಲಿಗೇ ಹೋಗುತ್ತಿದ್ದೀರಿ.

ನೆಲ ಹತ್ತಿರವಾದಾಗ ಹೊಸಬರ ನೋಟ ಮೂತಿಯ ಕೆಳಗೆ ಓಡುವ ಡಾಂಬರಿನ ಮೇಲೆ ಬೀಳುತ್ತದೆ. ಅದು ಓಡುವ ರಭಸಕ್ಕೆ ಎತ್ತರದ ಅಂದಾಜೇ ಸಿಗುವುದಿಲ್ಲ. ಆ ಕ್ಷಣದಲ್ಲಿ ಕಣ್ಣನ್ನು ರನ್‌ವೇಯ ಕೊನೆಗೆ ಕಳಿಸಿ. ಅಂಚಿನ ನೋಟದಲ್ಲಿ ಎರಡೂ ಬದಿಯ ನೆಲ ಅಗಲವಾಗುತ್ತಾ ಮೇಲೇಳುವುದು ಕಾಣುತ್ತದೆ, ಎತ್ತರ ತಿಳಿಸುವುದು ಅದೇ. ಥ್ರಾಟಲ್ ಪೂರ್ತಿ ಹಿಂದಕ್ಕೆಳೆದು, ವಿಮಾನ ಇಳಿಯಬಯಸಿದಷ್ಟೂ ಯೋಕನ್ನು ಇಂಚಿಂಚಾಗಿ ಹಿಂದಕ್ಕೆ ತಂದು ಇಳಿಯದಂತೆ ತಡೆಯುತ್ತಿರಿ. ಹಿಂದಿನ ಎರಡು ಚಕ್ರ ಮೊದಲು ಮುಟ್ಟಬೇಕು. ಎಳೆದದ್ದು ಜಾಸ್ತಿಯಾಗಿ ವಿಮಾನ ಉಬ್ಬಿ ಮೇಲೆದ್ದರೆ ಖಂಡಿತ ಮುಂದಕ್ಕೆ ತಳ್ಳಬೇಡಿ. ಮೂಗಿನ ಚಕ್ರ ಮುರಿಯುವುದು ಹಾಗೆಯೇ. ಪೂರ್ತಿ ಥ್ರಾಟಲ್ ಕೊಟ್ಟು, ಫ್ಲಾಪ್ 20 ಡಿಗ್ರಿಗೆ ತಂದು, ಮತ್ತೊಂದು ಸುತ್ತು ಹೋಗಿ. ಮೂರು ಸಲ ಸುತ್ತು ಹೊಡೆದು ಬರುವ ವಿದ್ಯಾರ್ಥಿಯ ಮೇಲೆ ನನಗೆ ಭರವಸೆ ಹೆಚ್ಚು.

ವಿದ್ಯಾರ್ಥಿ ಇಷ್ಟನ್ನೂ ನನ್ನ ಮಾತಿಲ್ಲದೆ ಮಾಡತೊಡಗಿದ ಮೇಲೆ ಒಂದು ಲಿಖಿತ ಪರೀಕ್ಷೆ, ಒಬ್ಬರೇ ಹಾರಬಹುದು ಎಂದು ಅವರ ಹಾರಾಟದ ಲಾಗ್‌ಬುಕ್ಕಿನಲ್ಲಿ ನನ್ನ ಸಹಿ. ಆ ಸಹಿಗೆ 90 ದಿನದ ಆಯಸ್ಸು. ಒಂದು ಬೆಳಿಗ್ಗೆ, ಕೊಲ್ಲಿಯ ಕಡೆಯ ತಗ್ಗು ಮೋಡ ಕರಗಿ ಗಾಳಿ ತಣ್ಣಗಿದ್ದಾಗ, ನಾನು ಬಾಗಿಲು ತೆಗೆದು ಇಳಿಯುತ್ತೇನೆ. ಒಬ್ಬರ ತೂಕ ಕಡಿಮೆಯಾದ್ದರಿಂದ ವಿಮಾನ ಬೇಗ ಮೇಲೇಳುತ್ತದೆ, ಇಳಿಯುವಾಗ ರನ್‌ವೇಯ ಮೇಲೆ ಹೆಚ್ಚು ತೇಲುತ್ತದೆ. ಇದನ್ನು ಮೊದಲೇ ಹೇಳಿರುತ್ತೇನೆ. ಮೂರು ಸಲ ಹಾರಿ ಇಳಿದು ಬಂದವರ ಅಂಗಿಯ ಹಿಂಭಾಗ ಕತ್ತರಿಸಿ ಹೆಸರು, ತಾರೀಕು ಬರೆಯುವುದು ಇಲ್ಲಿನ ರೂಢಿ. ಆದ್ದರಿಂದ ಆ ಹಾರಾಟದ ಆಸುಪಾಸಿನ ದಿನಗಳಲ್ಲಿ ಹಳೆಯ ಅಂಗಿಯನ್ನೇ ಹಾಕಿಕೊಂಡು ಬನ್ನಿ. ಊರಿನಲ್ಲಿರುವ ಅಮ್ಮನಿಗೆ ಹೇಳುವುದನ್ನು ಮಾತ್ರ ಇಳಿದ ಮೇಲೆ ಇಟ್ಟುಕೊಳ್ಳಿ.