ಒಂದು ಓಟು, ಒಂದು ನೋಟು: ಪಕ್ಷೇತರ ಪ್ರಚಾರಕ್ಕೆ ಹಣ, ಜನ ಕೂಡಿಸುವ ಬಗೆ

1952ರಲ್ಲಿ ಮಲೆನಾಡಿನ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ‘ಒಂದು ಓಟು, ಒಂದು ನೋಟು’ ಎಂದು ಕೇಳಿ ಗೆದ್ದದ್ದನ್ನು ಪಕ್ಷೇತರ ಅಭ್ಯರ್ಥಿಯ ಮೊದಲ ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. ಆಮೇಲೆ ಹಣಕ್ಕೊಂದು ಸಮಿತಿ, ಕಾರ್ಯಕರ್ತರಿಗೊಂದು ಸಮಿತಿ ಮಾಡಿ ಎಲ್ಲರೂ ಎದ್ದು ಹೋಗುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲೇ. ಆ ಘೋಷಣೆಯಲ್ಲಿ ಓಟು, ನೋಟು ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಇವತ್ತು ನೂರು ರೂಪಾಯಿ ಕೊಟ್ಟವರೇ ನಾಳೆ ಸಂಜೆ ಎರಡು ಗಂಟೆ ಕೊಡುವವರು. ಮತದಾನದ ದಿನ ಮತಗಟ್ಟೆಯೊಳಗೆ ಅಭ್ಯರ್ಥಿಯ ಪರವಾಗಿ ಬೂತ್ ಏಜೆಂಟಾಗಿ ಕೂರುವವರೂ ಅವರಲ್ಲೇ ಸಿಗಬೇಕು. ಹಾಗಾಗಿ ನಾವು ಬೂತ್‌ಗೊಂದು ಪುಸ್ತಕ ಇಡುತ್ತೇವೆ. ಹಣಕ್ಕೂ ಜನಕ್ಕೂ ಅದೊಂದೇ.

ಅದರಲ್ಲಿ ಬರೆಯುವುದಿಷ್ಟು: ಹೆಸರು, ಮತದಾರರ ಪಟ್ಟಿಯ ಭಾಗ ಸಂಖ್ಯೆ (ಯಾವ ಬೂತ್ ಎಂದು ತಿಳಿಸುವುದು) ಮತ್ತು ಕ್ರಮ ಸಂಖ್ಯೆ, ವಿಳಾಸ, ಫೋನು, ಕೊಟ್ಟ ಹಣ, ರಸೀದಿ ಸಂಖ್ಯೆ, ಯಾವ ದಿನ ಯಾವ ಹೊತ್ತಿಗೆ ಬರಬಲ್ಲರು, ಬೈಕ್ ಇದೆಯೇ. ಭಾಗ ಸಂಖ್ಯೆ ಬರೆಯದ ಹೆಸರು ಕೊನೆಯ ವಾರದಲ್ಲಿ ಕೆಲಸಕ್ಕೆ ಬಾರದು, ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಮೊದಲು ಲೆಕ್ಕ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಿಗೆ ಸುಮಾರು 58,000 ಮತಗಟ್ಟೆಗಳಿದ್ದವು. ಅಂದರೆ ಕ್ಷೇತ್ರಕ್ಕೆ ಸರಾಸರಿ 260 ಬೂತ್, ಬೂತ್‌ಗೆ 900ರಷ್ಟು ಮತದಾರರು. ಮನೆಗೆ ನಾಲ್ಕು ಓಟು ಎಂದು ಹಿಡಿದರೆ ಬೂತ್‌ಗೆ 225 ಮನೆ. ಇಬ್ಬರ ಜೋಡಿ ಒಂದು ಸಂಜೆಗೆ 45 ಮನೆ ಮುಗಿಸಿದರೆ ಒಂದು ಬೂತ್‌ಗೆ ಐದು ಸಂಜೆ ಬೇಕು. ತೋಟದ ಮನೆಗಳು ಚದುರಿರುವ ಕಡೆ 25 ಮನೆ ಮುಗಿದರೆ ಹೆಚ್ಚು. ಇನ್ನು ದಿನಗಳೆಷ್ಟು? ಆ ಸಲ ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20, ವಾಪಸಾತಿಗೆ 24, ಮತದಾನ ಮೇ 10. ಪಕ್ಷೇತರರಿಗೆ ಚಿಹ್ನೆ ಸಿಗುವುದು ವಾಪಸಾತಿ ಮುಗಿದ ಮೇಲೆ. ಬಹಿರಂಗ ಪ್ರಚಾರ ಮತದಾನ ಮುಗಿಯುವುದಕ್ಕೆ 48 ಗಂಟೆ ಮೊದಲೇ ನಿಲ್ಲಬೇಕು. ಚಿಹ್ನೆ ಹಿಡಿದು ಓಡಾಡಲು ಉಳಿದದ್ದು ಹದಿನಾಲ್ಕೇ ದಿನ.

260 ಬೂತ್‌ಗೆ 1,300 ಜೋಡಿ-ಸಂಜೆ, ಅಂದರೆ ದಿನಕ್ಕೆ 186 ಜನ. ಒಬ್ಬರು ಸರಾಸರಿ ಐದು ಸಂಜೆ ಬಂದಾರು ಎಂದರೂ 520 ಹೆಸರು ಬೇಕು, ಅದೂ ಬರುತ್ತೇನೆಂದವರೆಲ್ಲ ಬಂದರೆ. ಮೊದಲ ಸಲ ನಿಂತವರಿಗೆ ಇದು ಆಗದ ಮಾತು. ಸಂಘಟನೆಯ ಬೇರಿರುವ 90 ಬೂತ್ ಆರಿಸಿಕೊಂಡರೆ ದಿನಕ್ಕೆ 64 ಜನ, ಪಟ್ಟಿಯಲ್ಲಿ 180 ಹೆಸರು, ಕೈಗೆಟಕುವ ಲೆಕ್ಕ. ಉಳಿದ ಊರುಗಳಿಗೆ ಆಟೋ, ಮೈಕು. ‘ಎಲ್ಲ ಊರಿಗೂ ಹೋಗಲೇಬೇಕು’ ಎಂದು ಹಟ ಹಿಡಿಯುವ ಅಭ್ಯರ್ಥಿಗೆ ಈ ಗುಣಾಕಾರವನ್ನು ಅವರ ಕೈಯಲ್ಲೇ ಮಾಡಿಸುವುದು ಒಳ್ಳೆಯದು.

ಹಣದ ವಿಷಯದಲ್ಲಿ ಮೊದಲ ಕೆಲಸ ಬ್ಯಾಂಕ್ ಖಾತೆ. ನಾಮಪತ್ರ ಸಲ್ಲಿಸುವ ಕನಿಷ್ಠ ಒಂದು ದಿನ ಮೊದಲು, ಚುನಾವಣೆಗೆಂದೇ ಹೊಸ ಖಾತೆ ತೆರೆದಿರಬೇಕು. ಅಭ್ಯರ್ಥಿಯ ಹೆಸರಲ್ಲಿರಬಹುದು, ಇಲ್ಲವೇ ಚುನಾವಣಾ ಏಜೆಂಟರ ಜತೆ ಜಂಟಿಯಾಗಿರಬಹುದು. ಏಜೆಂಟರಲ್ಲದ ಹೆಂಡತಿ ಮಕ್ಕಳ ಜತೆ ಜಂಟಿ ಖಾತೆ ನಡೆಯದು. ಕ್ಯೂಆರ್ ಫಲಕ ಈ ಖಾತೆಯದ್ದೇ ಆಗಿರಲಿ. ಕಾರ್ಯಕರ್ತನೊಬ್ಬ ತನ್ನ ಫೋನಿಗೆ ಹಣ ಹಾಕಿಸಿಕೊಂಡು ಆಮೇಲೆ ಒಟ್ಟಾಗಿ ಕಳಿಸಿದರೆ ನಲವತ್ತು ಜನರ ದೇಣಿಗೆ ಒಬ್ಬನ ಹೆಸರಲ್ಲಿ ಕೂರುತ್ತದೆ. ಇನ್ನೊಂದು ತೊಡಕು: ಯುಪಿಐನಲ್ಲಿ ಬರುವುದು ಬರೀ ಹೆಸರು, ಲೆಕ್ಕಪತ್ರಕ್ಕೆ ದಾನಿಯ ವಿಳಾಸವೂ ಬೇಕು. ಆದ್ದರಿಂದ ಹಣ ಯಾವ ದಾರಿಯಲ್ಲಿ ಬಂದರೂ ರಸೀದಿ ಹರಿಯಲೇಬೇಕು. ಸಂಖ್ಯೆ ಒತ್ತಿದ 50 ಹಾಳೆಯ ರಸೀದಿ ಪುಸ್ತಕ, ಒಂದು ಬೂತ್‌ಗೆ ಒಂದೇ. ಯಾರಿಗೆ ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ಕೊಟ್ಟಿದ್ದೇವೆಂದು ಸಹಿ ಹಾಕಿಸಿಕೊಳ್ಳುತ್ತೇವೆ. ವಾಪಸ್ ಬಾರದ ಪುಸ್ತಕವೇ ಊರಲ್ಲಿ ಹೆಸರು ಕೆಡಿಸುವುದು.

ಒಬ್ಬರಿಂದ 10,000 ರೂಪಾಯಿಗಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ಖರ್ಚಿಗೂ ಅದೇ ಮಿತಿ: ಇಡೀ ಚುನಾವಣೆಯಲ್ಲಿ ಒಬ್ಬ ವ್ಯಾಪಾರಿಗೆ ನಗದಾಗಿ ಒಟ್ಟು 10,000, ಮೀರಿದರೆ ಚೆಕ್ ಅಥವಾ ಆನ್‌ಲೈನ್. ಶಾಮಿಯಾನದವರು, ಮೈಕಿನವರು ನಗದನ್ನೇ ಕೇಳುತ್ತಾರೆ. ಮೊದಲ ದಿನವೇ ಖಾತೆ ಸಂಖ್ಯೆ ಬರೆಸಿಕೊಳ್ಳಿ. ಡಬ್ಬಿಯಲ್ಲಿ ಬಿದ್ದ ಚಿಲ್ಲರೆಯನ್ನು ರಾತ್ರಿ ಇಬ್ಬರ ಎದುರು ಎಣಿಸಿ, ಬರೆದು, ಮರುದಿನ ಬ್ಯಾಂಕಿಗೆ ಕಟ್ಟಬೇಕು. ನೀತಿಸಂಹಿತೆಯ ಹೊತ್ತಲ್ಲಿ ದಾಖಲೆಯಿಲ್ಲದ 50,000ಕ್ಕೂ ಹೆಚ್ಚು ನಗದು ಪ್ರಚಾರದ ಗಾಡಿಯಲ್ಲಿ ಸಿಕ್ಕರೆ ಚೆಕ್‌ಪೋಸ್ಟಿನಲ್ಲೇ ಜಪ್ತಿ.

ಹೊರದೇಶದ ಕನ್ನಡಿಗರು ‘ನಾವೂ ಕೊಡುತ್ತೇವೆ’ ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಅಲ್ಲಿನ ಪೌರತ್ವ ಪಡೆದವರಿಂದ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಬಿಡಿಗಾಸೂ ಬೇಡ. ಅದು ವಿದೇಶಿ ದೇಣಿಗೆಯಾಗುತ್ತದೆ. ತೆರಿಗೆ ವಿನಾಯಿತಿಯ ಆಸೆಯನ್ನೂ ತೋರಿಸಬೇಡಿ. ಆ ವಿನಾಯಿತಿ ಇರುವುದು ಪಕ್ಷಕ್ಕೆ ಕೊಟ್ಟ ದೇಣಿಗೆಗೆ, ಪಕ್ಷೇತರರಿಗೆ ಕೊಟ್ಟದ್ದಕ್ಕಲ್ಲ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. ‘ಏನಾದರೂ ಸಹಾಯ ಮಾಡಿ’ ಎಂದರೆ ‘ನೋಡೋಣ’ ಎನ್ನುತ್ತಾರೆ. ‘ಅಣ್ಣಾ, ನಿಮ್ಮ ಬೂತ್‌ನ 225 ಮನೆಗೆ ಕರಪತ್ರದ ಖರ್ಚು ಇಷ್ಟು, ಅದರಲ್ಲಿ ನಿಮ್ಮದು 200’ ಎಂದರೆ ಕೈ ಜೇಬಿಗೆ ಹೋಗುತ್ತದೆ. ಅಕ್ಕಂದಿರು ಕೊಡುವ ಐವತ್ತಕ್ಕೂ ಪೂರ್ತಿ ಹೆಸರಿನ ರಸೀದಿ ಕೊಡಿ, ಯಜಮಾನರ ಹೆಸರು ಬರೆಯಬೇಡಿ. ಮುಂದೆ ಫೋನ್ ಮಾಡಬೇಕಾದದ್ದು ಅವರಿಗೇ. ಹಣ ಕೊಟ್ಟವರಿಗೆ ಮೂರು ದಿನದೊಳಗೆ ಒಂದು ಸಣ್ಣ ಕೆಲಸ ಹೇಳಬೇಕು: ಬೀದಿಯ ಹತ್ತು ಮನೆಯ ಹೆಸರು ತಾಳೆ ನೋಡುವುದು, ಹೊಸ ಮತದಾರರಿಂದ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಿಸುವುದು. ತಡವಾದರೆ ಬಿಸಿ ಆರುತ್ತದೆ.

ಕರಪತ್ರವನ್ನು ಎರಡು ಸಲ ಮಾಡಿಸಿ. ನಾಮಪತ್ರದ ಹೊತ್ತಿಗೆ ಅಭ್ಯರ್ಥಿಯ ಪರಿಚಯದ್ದು, ಚಿಹ್ನೆ ಸಿಕ್ಕ ರಾತ್ರಿ ಚಿಹ್ನೆಯದ್ದು. 90 ಬೂತ್‌ಗೆ 20,250 ಮನೆ; 23,000 ಸಾಕು. ಲಕ್ಷಗಟ್ಟಲೆ ಮಾಡಿಸಿದ್ದು ಕಚೇರಿಯ ಮೂಲೆಯಲ್ಲಿ ಕೊಳೆಯುತ್ತದೆ. ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇಲ್ಲದ ಹಾಳೆ ಅಚ್ಚು ಹಾಕಿಸುವುದು, ಪ್ರಕಟಿಸುವುದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಅಪರಾಧ. ಅಭಿಮಾನಿಯೊಬ್ಬ ಸ್ವಂತ ಖರ್ಚಲ್ಲಿ ಫ್ಲೆಕ್ಸ್ ಕಟ್ಟಿಸಿದರೆ ಖುಷಿಪಡುವ ಹಾಗಿಲ್ಲ. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದಿದ್ದರೆ ಅವನಿಗೆ ಕೇಸು, ಇದ್ದರೆ ನಮ್ಮ ಲೆಕ್ಕಕ್ಕೆ ಖರ್ಚು. ಸ್ನೇಹಿತರು ಪುಕ್ಕಟೆ ಕೊಟ್ಟ ಜೀಪನ್ನೂ ಸಭೆಗೆ ಬಂದ ಕುರ್ಚಿಗಳನ್ನೂ ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯಂತೆ ಎಣಿಸುತ್ತಾರೆ. ಆ ದರಪಟ್ಟಿ ಕೈಗೆ ಬಂದಾಗಲೇ ಬಜೆಟ್ ಬರೆಯಿರಿ. ಖರ್ಚಿನ ಮಿತಿ 40 ಲಕ್ಷ. ಇಂಥ ಪ್ರಚಾರ ಅದರ ಹತ್ತಿರಕ್ಕೂ ಹೋಗದು. ತೊಂದರೆ ಆಗುವುದು ಬರೆಯದೇ ಬಿಟ್ಟದ್ದರಿಂದ.

ಬೆಂಗಳೂರಿನಿಂದ ರಜೆ ಹಾಕಿ ಬರುವ ಹುಡುಗರು ಉತ್ಸಾಹಿಗಳು, ಆದರೆ ಕ್ಷೇತ್ರದ ಮತದಾರರಲ್ಲ. ಕೊನೆಯ 48 ಗಂಟೆ ಅವರು ಕ್ಷೇತ್ರದಲ್ಲಿ ಇರುವ ಹಾಗಿಲ್ಲ. ಅವರನ್ನು ಲೆಕ್ಕ ಬರೆಯುವುದಕ್ಕೆ, ಫೋನ್ ಮಾಡುವುದಕ್ಕೆ ಹಾಕಿ. ಮತದಾನದ ದಿನಕ್ಕೆ ನೆಚ್ಚಬೇಡಿ. ಬೂತ್ ಏಜೆಂಟ್ ಸಾಮಾನ್ಯವಾಗಿ ಅದೇ ಬೂತ್‌ನ ಅಥವಾ ಪಕ್ಕದ ಬೂತ್‌ನ ಮತದಾರರಾಗಿರಬೇಕು. ಭಾಗ ಸಂಖ್ಯೆ ಬರೆಸಿದ್ದು ಇದಕ್ಕೇ. ಸರ್ಕಾರಿ ನೌಕರರು ಆಗುವಂತಿಲ್ಲ. ಏಜೆಂಟರ ನೇಮಕಪತ್ರವಾದ ನಮೂನೆ 10ಕ್ಕೆ ಮುಂಚೆಯೇ ಸಹಿ ಹಾಕಿಸಿ, ಬೂತ್‌ಗೆ ಒಬ್ಬ ಏಜೆಂಟ್, ಇಬ್ಬರು ಬದಲಿ ಏಜೆಂಟರ ಹೆಸರು ಗೊತ್ತುಮಾಡಿಡಿ. ಬೆಳಗ್ಗೆ ಯಂತ್ರ ಪರೀಕ್ಷಿಸುವ ಅಣಕು ಮತದಾನಕ್ಕೇ ಹೋಗಿರಬೇಕು. ಮಧ್ಯಾಹ್ನ ಊಟ ತಲುಪದ ಬೂತ್‌ನಲ್ಲಿ ಏಜೆಂಟ್ ಎದ್ದು ಹೋಗುತ್ತಾನೆ, ಅವನನ್ನು ಎಬ್ಬಿಸಲು ಕಾಯುವವರೂ ಇರುತ್ತಾರೆ. ಸಂಜೆ ಕೂತಿದ್ದವರಿಗೆ ಮಾತ್ರ ನಮೂನೆ 17ಸಿ ಪ್ರತಿ ಸಿಗುತ್ತದೆ. ಆ ಯಂತ್ರದಲ್ಲಿ ಎಷ್ಟು ಓಟು ಬಿದ್ದಿದೆ ಎಂಬುದಕ್ಕೆ ನಮ್ಮ ಕೈಯಲ್ಲಿರುವ ದಾಖಲೆ ಅದೊಂದೇ.

ಖರ್ಚಿನ ವಹಿಯಲ್ಲಿ ದಿನವಹಿ ಬಿಳಿ ಹಾಳೆಯಲ್ಲಿ, ನಗದು ಗುಲಾಬಿಯಲ್ಲಿ, ಬ್ಯಾಂಕ್ ಹಳದಿಯಲ್ಲಿ. ಪ್ರಚಾರದ ನಡುವೆ ಮೂರು ಸಲ ತಪಾಸಣೆಗೆ ಒಯ್ಯಬೇಕು. ಅಧಿಕಾರಿಗಳ ಬಳಿ ನಮ್ಮ ಖರ್ಚನ್ನು ಅವರೇ ಬೇರೆಯಾಗಿ ಬರೆದಿಟ್ಟ ಶ್ಯಾಡೋ ರಿಜಿಸ್ಟರ್ ಇರುತ್ತದೆ. ಎರಡೂ ತಾಳೆಯಾಗದಿದ್ದರೆ ನೋಟಿಸ್. ವಹಿ ಬರೆಯಲು ಬೇರೆ ಯಾವ ಕೆಲಸವನ್ನೂ ಹೇಳದ ಒಬ್ಬರನ್ನು ಕೂರಿಸಿ. ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿಗಳು ಇದಕ್ಕೆ ಹೇಳಿ ಮಾಡಿಸಿದವರು. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಸಲ್ಲಿಸಬೇಕು, ಠೇವಣಿ ಕಳೆದುಕೊಂಡವರೂ. ಸಕಾರಣವಿಲ್ಲದೆ ಸಲ್ಲಿಸದಿದ್ದರೆ ಮೂರು ವರ್ಷ ಸ್ಪರ್ಧಿಸದಂತೆ ಆಯೋಗ ಅನರ್ಹಗೊಳಿಸಬಹುದು. ಸಲ್ಲಿಸಿದ ಲೆಕ್ಕದಿಂದಲೇ ಪ್ರತಿ ಬೂತ್‌ನ ವಸೂಲಿ, ಖರ್ಚನ್ನು ಒಂದು ಹಾಳೆಗೆ ಇಳಿಸಿ ಆಯಾ ಊರಿನ ಅರಳಿಕಟ್ಟೆಯ ಹತ್ತಿರ ಓದಿ ಹೇಳುತ್ತೇವೆ. ಬೂತ್ ಪುಸ್ತಕವನ್ನು ಆ ಊರಿನವರ ಬಳಿಯೇ ಬಿಟ್ಟುಬರುತ್ತೇವೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಅದೇ ಪಟ್ಟಿ ಬೇಕಾಗುತ್ತದೆ.