ಠಾಣೆಗೆ ಹೋಗುವುದು ಬಿಟ್ಟೆ, ರಾತ್ರಿ ಬೀಟ್ ಬಂತು

'ಪಂಚಾಯತ್ ಸದಸ್ಯ ಪೊಲೀಸರಿಗೆ ಎಂತ ಕೇಳುವುದು ಮಾರಾಯಾ' ಎಂದು ನಗಾಡಿದವರೇ ಈಗ, ಊರಿಗೆ ರಾತ್ರಿ ಬೀಟ್, ಅಂದರೆ ಪೊಲೀಸ್ ಗಸ್ತು, ತರಿಸಿದ ನಮ್ಮ ಗ್ರಾಮಸಭೆ ನಿರ್ಣಯದ ನಕಲು ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಉಡುಪಿ ಜಿಲ್ಲೆಯ ಕಾಪು ಕಡೆಯ ಪಂಚಾಯತ್ ಸದಸ್ಯ. ಒಂದೇ ಮಳೆಗಾಲದಲ್ಲಿ ನಮ್ಮಲ್ಲಿ ಆರೇಳು ಮನೆಗೆ ಕಳ್ಳರು ನುಗ್ಗಿದ್ದರು. ಎಲ್ಲ ಬೀಗ ಹಾಕಿದ ಮನೆಗಳು, ಮನೆಯವರು ಮುಂಬೈಯಲ್ಲೋ ದುಬೈಯಲ್ಲೋ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಹತ್ತು ಜನ ಕಟ್ಟಿಕೊಂಡು ಠಾಣೆಗೆ ಹೋದೆ. ಚಾ ಸಿಕ್ಕಿತು, 'ಸಿಬ್ಬಂದಿ ಇಲ್ಲ' ಎಂಬ ಉತ್ತರವೂ ಸಿಕ್ಕಿತು. ಶಾಸಕರಿಂದ ಫೋನ್ ಮಾಡಿಸಿದೆ. ಮೂರು ರಾತ್ರಿ ಜೀಪು ಬಂತು, ನಾಲ್ಕನೇ ರಾತ್ರಿ ಇಲ್ಲ. ಮೇಲಿಂದ ಹೇಳಿಸಿದ ಅಂತ ಠಾಣೆಯವರಿಗೆ ಸಿಟ್ಟು ಬೇರೆ. ಅಷ್ಟರಲ್ಲಿ ಎಸ್‌ಐ ವರ್ಗವಾದರು.

ಪೊಲೀಸರಿಗೆ ಆದೇಶ ಕೊಡುವ ಅಧಿಕಾರ ನಮಗಿಲ್ಲ, ಗೊತ್ತಿದ್ದದ್ದೇ. ಆದರೆ ಪ್ರಶ್ನೆ ಕೇಳಿ ನಡಾವಳಿಯಲ್ಲಿ ಬರೆಸಲಿಕ್ಕೆ ಯಾರ ಅಡ್ಡಿ? ಗ್ರಾಮಸಭೆಗೆ ಕರೆಂಟಿನ ಮೆಸ್ಕಾಂನವರ ಹಾಗೆ ಪೊಲೀಸರೂ ಬರುತ್ತಾರೆ, ಗಾಂಜಾ, ಸೈಬರ್ ವಂಚನೆ, 112 ಅಂತ ನಾಲ್ಕು ಮಾತು ಹೇಳಿ ಹೋಗುತ್ತಾರೆ. ನಾವು ಚಪ್ಪಾಳೆ ತಟ್ಟಿ ಕಳಿಸುತ್ತೇವೆ, ಅಲ್ವಾ?

ಕೈಯಲ್ಲಿ ಲೆಕ್ಕ ಬೇಕಿತ್ತು. ಮಾಹಿತಿ ಹಕ್ಕಿನಲ್ಲಿ ಎರಡು ಪುಟದ ಅರ್ಜಿ ಹಾಕಿದೆ, ವಾಪಸ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಎಂಬುದು ಮರೆತೇ ಹೋಗಿತ್ತು. ಎರಡನೆಯದರಲ್ಲಿ ಬೀಟ್ ಪುಸ್ತಕದ ನಕಲು ಕೇಳಿದೆ. ಭದ್ರತೆಯ ಕಾರಣ ಕೊಟ್ಟು ಕೊಡಲಿಲ್ಲ. ಮೂರನೆಯದು ಒಂದೇ ಸಾಲು: ಆರು ತಿಂಗಳಲ್ಲಿ ಈ ಗ್ರಾಮಕ್ಕೆ ರಾತ್ರಿ ಬೀಟ್ ಬಂದದ್ದು ಎಷ್ಟು ದಿನ? 40ರ ಆಸುಪಾಸು ಅಂತ ಉತ್ತರ ಬಂದ ನೆನಪು. ಅರ್ಜಿ ಶುಲ್ಕ 10 ರೂಪಾಯಿ, ಉಡುಪಿಗೆ ಓಡಾಡಿದ ಪೆಟ್ರೋಲ್ ಎರಡೂವರೆ ಸಾವಿರ. ಸದಸ್ಯರ ಗೌರವಧನ ತಿಂಗಳಿಗೆ 2,000, ಮನೆಯಲ್ಲಿ ಕೇಳಬೇಕಾದ್ದೆಲ್ಲ ಕೇಳಿದ್ದೇನೆ.

ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಸುಮ್ನೆ ಓದಿದೆ, ಗಲಾಟೆ ಮಾಡಲಿಲ್ಲ. ಬೀಟ್ ಪೊಲೀಸರು ಪ್ರತಿ ತಿಂಗಳು ಪಂಚಾಯತ್ ಸಭೆಗೆ ಹದಿನೈದು ನಿಮಿಷ ಬಂದು ಲೆಕ್ಕ ಹೇಳಬೇಕೆಂದು ನಿರ್ಣಯ ಆಯಿತು. ಒಂದು ಪ್ರತಿ ಎಸ್‌ಪಿ ಕಚೇರಿಗೆ. ಇನ್ನೊಂದು ಪ್ರತಿ ಯಾರಿಗೆ ಹೋಯಿತು ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಮೊದಲ ತಿಂಗಳೇ ನನ್ನ ಮರ್ಯಾದೆ ಹೋಯಿತು. ಬಂದ ಬೀಟ್ ಪೊಲೀಸ್ ಹುಡುಗ ಸಭೆಯಲ್ಲೇ, 'ಸದಸ್ಯರೇ, ಒಮ್ಮೆ ನನ್ನೊಟ್ಟಿಗೆ ರಾತ್ರಿ ಬನ್ನಿ' ಅಂದ. ಹೋದೆ. ದೈವಸ್ಥಾನದ ಓಣಿಯಲ್ಲಿ ಟಾರ್ಚ್ ಬಿಟ್ಟರೆ ಎರಡು ಮಾರು ಆಚೆ ಎಂತದೂ ಕಾಣುವುದಿಲ್ಲ. 23 ಕಂಬದಲ್ಲಿ 9 ಸತ್ತಿವೆ, ಒಂದು ಉರಿಯುತ್ತಿದ್ದರೂ ಹಲಸಿನ ಗೆಲ್ಲು ಅದನ್ನು ಪೂರಾ ಮುಚ್ಚಿದೆ. ಬೀದಿದೀಪ ಯಾರ ಕೆಲಸ? ನಮ್ಮದೇ. ದೀಪಕ್ಕೆ ಸುಮಾರು 1,800ರಂತೆ ಹಾಕಿಸಿದೆವು. ಗೆಲ್ಲು ಕಡಿಸಲಿಕ್ಕೆ ಅದಕ್ಕಿಂತ ಜಾಸ್ತಿ ಜಗಳ ಆಯಿತು.

ನಡುವೆ ವಾಟ್ಸಾಪ್ ಗುಂಪನ್ನೂ ಮಾಡಿ ನೋಡಿದೆ. 'ನಾವು ಶುಕ್ರವಾರದವರೆಗೆ ಊರಲ್ಲಿಲ್ಲ, ಸ್ವಲ್ಪ ನೋಡಿಕೊಳ್ಳಿ' ಅಂತ ಒಬ್ಬರು ಇನ್ನೂರು ಜನರ ಎದುರು ಹಾಕಿದರು! ಅವತ್ತೇ ಗುಂಪು ಮುಚ್ಚಿದೆ. ಈಗ ಬೀಗದ ಮನೆಗಳ ಪಟ್ಟಿ ಲಕೋಟೆಯಲ್ಲಿ ನೇರ ಬೀಟ್‌ನವರ ಕೈಗೆ.

ಮರು ಮಳೆಗಾಲದಲ್ಲಿ ತಿಂಗಳಿಗೆ ಇಪ್ಪತ್ತು ರಾತ್ರಿಯಾದರೂ ಬೀಟ್ ಬಂದಿದೆ. ಕಳ್ಳತನ ಒಂದೇ, ಅದೂ ತೆಂಗಿನಕಾಯಿ. ಪಕ್ಕದ ಪಂಚಾಯತಿನವರಿಗೆ ನಿರ್ಣಯದ ನಕಲು ಕೊಟ್ಟಿದ್ದೇನೆ, ಎರಡನೇ ಪ್ರತಿಯ ವಿಳಾಸ ಮಾತ್ರ ಕೈಯಿಂದ ಮುಚ್ಚಿ ಜೆರಾಕ್ಸ್ ಮಾಡಿಸಿದ್ದು.