ಬೀರುವಿನ ಬೀಗ ತೆಗೆಯಿರಿ: ಶಾಲಾ ಗ್ರಂಥಾಲಯ ನಡೆಸುವ ಬಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪ್ರಾಥಮಿಕ ಶಾಲೆಯಲ್ಲಿ ಕತೆ ಪುಸ್ತಕ ಇದೆಯಾ ಎಂದು ಕೇಳಿದರೆ 'ಇವೆಯಲ್ಲ' ಎಂಬ ಉತ್ತರವೇ ಜಾಸ್ತಿ. ಇರುತ್ತವೆ, ಕಬ್ಬಿಣದ ಬೀರುವಿನಲ್ಲಿ. ಕಳೆದುಹೋದರೆ ಲೆಕ್ಕ ಯಾರು ಕೊಡುವುದು ಅನ್ನುವ ಹೆದರಿಕೆ. ವರ್ಗಾವಣೆ ಆದಾಗ ಚಾರ್ಜ್ ಕೊಡಬೇಕಾದವರ ಕಷ್ಟ ಅವರಿಗೇ ಗೊತ್ತು. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಮಕ್ಕಳಿಂದಲ್ಲ, ಕಾಗದದಿಂದ.

ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಂದು ನಿರ್ಣಯ ಬರೆಸಿ: ಪುಸ್ತಕ ಮನೆಗೆ ಕೊಡುತ್ತೇವೆ, ಕೆಲವು ಹರಿಯುತ್ತವೆ, ಕೆಲವು ಕಳೆಯುತ್ತವೆ, ಮಗುವಿನಿಂದ ದಂಡ ವಸೂಲಿ ಇಲ್ಲ. ಪೋಷಕರ ಸಹಿ ಇದ್ದರೆ ಮೇಷ್ಟ್ರಿಗೂ ಧೈರ್ಯ. ಯಾರಾದರೂ ತಕರಾರು ಎತ್ತಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ತೋರಿಸಿ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ, ಅದರಲ್ಲಿ ಪತ್ರಿಕೆ ಮತ್ತು ಕತೆ ಪುಸ್ತಕ ಇರಬೇಕು ಎಂದು ಅದರ ಅನುಸೂಚಿಯಲ್ಲೇ ಇದೆ.

ಆಮೇಲೆ ಎಲ್ಲ ಪುಸ್ತಕ ಜಗುಲಿಗೆ ತಂದು ಹರಡಿ. ಹಳೆಯ ಗೈಡು, ಭಾಷಣ ಸಂಗ್ರಹ, ದೊಡ್ಡವರಿಗೂ ಓದಲಾಗದ ದಪ್ಪ ಗ್ರಂಥಗಳನ್ನು ಪಕ್ಕಕ್ಕಿಡಿ. ಉಳಿದದ್ದಕ್ಕೆ ನಾಲ್ಕು ಬಣ್ಣದ ಚೀಟಿ ಅಂಟಿಸಿ: ಬರೀ ಚಿತ್ರ ಮತ್ತು ಒಂದೆರಡು ಸಾಲು, ಚಿಕ್ಕ ಕತೆ, ಉದ್ದ ಕತೆ, ವಿಜ್ಞಾನ-ಮಾಹಿತಿ. ಇದು ಐದನೇ ಕ್ಲಾಸಿಗೆ, ಅದು ಎರಡಕ್ಕೆ ಅಂತ ಬರೆಯಬೇಡಿ. ಐದರ ಹುಡುಗ ಚಿತ್ರದ ಪುಸ್ತಕ ಎತ್ತಿಕೊಂಡರೆ ನಗುವವರು ಇರುತ್ತಾರೆ. ಮನೆಯಲ್ಲಿ ಲಂಬಾಣಿ, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿಗೆ ಆ ಚಿತ್ರದ ಪುಸ್ತಕವೇ ಕನ್ನಡದ ಮೊದಲ ಮೆಟ್ಟಿಲು.

ಪುಸ್ತಕ ಕಡಿಮೆ ಬಿದ್ದರೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ಗ್ರಂಥಾಲಯ ಅನುದಾನ ಇದೆ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆದು ಹಂಚಲೂ ಅಡ್ಡಿಯಿಲ್ಲ.

ಇನ್ನು ಜೋಡಿಸುವುದು. ಬೆನ್ನು ಕಾಣುವಂತೆ ಒತ್ತಿ ನಿಲ್ಲಿಸಿದ ತೆಳು ಪುಸ್ತಕ ಮಕ್ಕಳ ಕಣ್ಣಿಗೆ ಬೀಳುವುದೇ ಇಲ್ಲ. ಗೋಡೆಯುದ್ದಕ್ಕೂ, ಒಂದನೇ ಕ್ಲಾಸಿನವರ ಎದೆಯ ಎತ್ತರಕ್ಕೆ ದಾರ ಕಟ್ಟಿ, ಮುಖಪುಟ ಕಾಣುವಂತೆ ನೇತುಹಾಕಿ. ಜೂನ್ ಬಂತೆಂದರೆ ಮಾತ್ರ ದಾರವನ್ನು ಗೋಡೆಯಿಂದ ದೂರ, ಕೋಣೆಯ ನಡುವೆ ಕಟ್ಟಿ. ನಮ್ಮ ಮಳೆಗೆ ಗೋಡೆಯೇ ಬೆವರುತ್ತದೆ. ಕಪಾಟಿನ ಕಾಲಡಿ ಇಟ್ಟಿಗೆ ಇರಲಿ, ಹಿಂದೆ ಗಾಳಿ ಆಡಲಿ, ಹಾಳೆ ನಡುವೆ ಒಣಗಿದ ಬೇವಿನ ಎಲೆ ಇರಲಿ. ನುಸಿಗುಳಿಗೆ ಬೇಡ, ಚಿಕ್ಕವರು ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಿಕೊಂಡಾರು. ನೆನೆದ ಪುಸ್ತಕವನ್ನು ಒಲೆಯ ಮೇಲೆ ಕಾಯಿಸಬೇಡಿ. ಹಾಳೆಗಳ ನಡುವೆ ಪೇಪರ್ ಇಟ್ಟು, ಬದಲಿಸುತ್ತಾ ನೆರಳಲ್ಲಿ ಒಣಗಿಸಿ.

ಕೊಡು-ಕೊಳ್ಳುವ ಲೆಕ್ಕ ಮಕ್ಕಳಿಗೇ ಬಿಡಿ. ಪುಸ್ತಕದ ನಂಬರ್, ಹೆಸರು, ಒಯ್ದ ದಿನ, ತಂದ ದಿನ. ಒಂದು ನೋಟ್‌ಬುಕ್ ಸಾಕು. ನಾಲ್ಕು, ಐದನೇ ಕ್ಲಾಸಿನವರು ಸರದಿಯಲ್ಲಿ ಬರೆಯಲಿ. ಪುಸ್ತಕದ ಜೊತೆ ಗಟ್ಟಿ ಪ್ಲಾಸ್ಟಿಕ್ ಕವರ್ ಕೊಡಿ. ತೋಟ, ಹಳ್ಳ ದಾಟಿ ಹೋಗುವ ಮಕ್ಕಳ ಛತ್ರಿ ಪಾಟಿಚೀಲವನ್ನು ಎಷ್ಟು ಕಾಪಾಡೀತು?

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಬಿಟ್ಟರೆ ಗ್ರಂಥಾಲಯ ನಡೆಯುವುದಿಲ್ಲ. ದಿನಕ್ಕೆ ಹದಿನೈದು ನಿಮಿಷ ಮಕ್ಕಳಿಗೆ ಕತೆ ಓದಿ ಹೇಳಬೇಕು. ಬಿಸಿಯೂಟ ಆದಮೇಲೆ, ಪಾಠ ತಲೆಗೆ ಹತ್ತದ ಹೊತ್ತು ಇದಕ್ಕೆ ಚೆನ್ನ. ಮುಂಚೆಯೇ ಒಮ್ಮೆ ಓದಿಕೊಂಡಿರಿ. ಚಿತ್ರ ಮಕ್ಕಳ ಕಡೆ ತಿರುಗಿರಲಿ. ಹುಲಿ ಬಾಗಿಲಿಗೆ ಬಂತು ಅನ್ನುವಲ್ಲಿ ನಿಲ್ಲಿಸಿ, ಮುಂದೇನು ಅಂತ ಕೇಳಿ. ತಪ್ಪು ಉತ್ತರ ಅನ್ನುವುದು ಇಲ್ಲಿ ಇಲ್ಲ. ಹಂಚು ಸದ್ದು ಮಾಡುವ ಮಳೆಯಲ್ಲಿ ಹಿಂದಿನವರಿಗೆ ಕೇಳುವುದಿಲ್ಲ, ಎಲ್ಲರನ್ನೂ ಹತ್ತಿರ ಕೂರಿಸಿಕೊಳ್ಳಿ. ಮುಗಿದಮೇಲೆ ಆ ಪುಸ್ತಕವನ್ನು ದಾರಕ್ಕೆ ಹಾಕಿ ಸುಮ್ನಿರಿ. ಅದನ್ನೇ ಕೇಳಿಕೊಂಡು ಬರುತ್ತಾರೆ.

ದಯವಿಟ್ಟು 'ಕತೆಯ ನೀತಿ ಏನು?' ಎಂದು ಕೇಳಬೇಡಿ. ಸಾರಾಂಶ ಬರೆಸಬೇಡಿ. ಜಾಸ್ತಿ ಪುಸ್ತಕ ಓದಿದವರಿಗೆ ಬಹುಮಾನವೂ ಬೇಡ ಎಂಬುದು ನನ್ನ ಅಭಿಪ್ರಾಯ. ಬಹುಮಾನ ಇಟ್ಟರೆ ತೆಳು ಪುಸ್ತಕಗಳೇ ಖಾಲಿಯಾಗುತ್ತವೆ, ಓದದೇ ವಾಪಸ್ಸೂ ಬರುತ್ತವೆ. ಒಂದೇ ಪುಸ್ತಕವನ್ನು ಪದೇ ಪದೇ ಒಯ್ಯುವ ಮಗುವನ್ನು ತಡೆಯಬೇಡಿ. ಓದು ತಡವರಿಸುವವರಿಗೆ ದೊಡ್ಡ ಕ್ಲಾಸಿನ ಒಬ್ಬರನ್ನು ಜೋಡಿ ಮಾಡಿ.

ಮನೆಯವರನ್ನು ಸೇರಿಸಿಕೊಳ್ಳಲು ಅಡಕೆ ಸುಗ್ಗಿ ಒಳ್ಳೆಯ ಕಾಲ. ಸಂಜೆ ಅಂಗಳದಲ್ಲಿ ಅಡಕೆ ಸುಲಿಯುವವರ ಕೈಗೆ ಬಿಡುವಿರುವುದಿಲ್ಲ, ಕಿವಿಗೆ ಇರುತ್ತದೆ. ಅವರಿಗೆ ಒಂದು ಪುಟ ಓದಿ ಹೇಳಿ ಬನ್ನಿ ಅಂತ ಮಕ್ಕಳಿಗೆ ಹೇಳಿ. ಓದಲು ಬರದ ಅಜ್ಜಿಯೂ ಆಗ ಮುಂದಿನ ಕತೆ ಕೇಳುತ್ತಾರೆ.

ಬೇಸಿಗೆ ರಜೆಗೆ ಮುಂಚೆ ಎರಡು ಕೆಲಸ ಬಾಕಿ. ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಇನ್ನೊಂದು, ದಾಸ್ತಾನು ವಹಿ ಹಿಡಿದು ಲೆಕ್ಕ ಹಾಕಿ, ಕಳೆದ ಮತ್ತು ಹರಿದ ಪುಸ್ತಕಗಳ ಪಟ್ಟಿಯನ್ನು ಎಸ್‌ಡಿಎಂಸಿ ಮುಂದಿಟ್ಟು ಸಹಿ ಹಾಕಿಸಿ. ಆ ಪಟ್ಟಿಯಲ್ಲಿ ಒಂದೂ ಹೆಸರಿಲ್ಲದಿದ್ದರೆ ಬೀರುವಿಗೆ ಮತ್ತೆ ಬೀಗ ಬಿದ್ದಿದೆಯಾ ನೋಡಿ.